ಡಾಬ್ಸನ್ ಕಡವಿನ ಒಂದೇ ಒಂದು ವೋಟು

ಡಾಬ್ಸನ್ ಕಡವಿನ ಜನಕ್ಕೆ ಒಂದು ಕಾಯಿಲೆ ಇದೆ. ಸಸ್ಕಾಚೆವಾನ್ ಪ್ರಾಂತದ ಯಾವ ಡಾಕ್ಟರ ಬಳಿಯೂ ಅದಕ್ಕೆ ಮದ್ದಿಲ್ಲ. ಅದರ ಹೆಸರು ದಾಕ್ಷಿಣ್ಯ. ಎದುರಿಗೆ ನಿಂತವರಿಗೆ ‘ಇಲ್ಲ’ ಎನ್ನಲು ಅವರಿಗೆ ಬಾಯಿಯೇ ಬಾರದು. ಕಿರಿದಾದ ಮಣ್ಣು ರಸ್ತೆಯಲ್ಲಿ ಎರಡು ಪಿಕಪ್‌ಗಳು ಎದುರುಬದುರಾದರೆ ಮುಗಿಯಿತು, ‘ನೀವು ಮೊದಲು ಹೋಗಿ’ ಎಂದು ಇವನು ಕೈ ಆಡಿಸುತ್ತಾನೆ, ‘ಛೆ ಛೆ, ನೀವೇ ಹೋಗಿ’ ಎಂದು ಅವನು ಕೈ ಆಡಿಸುತ್ತಾನೆ, ಹಿಂದೆ ಐದು ಗಾಡಿ ನಿಂತರೂ ಒಬ್ಬನೂ ಹಾರನ್ ಒತ್ತುವುದಿಲ್ಲ. ಇಂಥ ಜನರ ನಡುವೆ ಚುನಾವಣೆ ಬಂದರೆ ಏನಾಗುತ್ತದೆ? ಆಗಬಾರದ್ದೇ ಆಗುತ್ತದೆ. ಆ ವರ್ಷ ಆಗಿದ್ದು ಡೊರೀನ್ ಯೂಜಿಕ್‌ಗೆ.

ಡೊರೀನ್ ಕಡವಿನ ಲಾಂಚ್ ನಡೆಸುವವಳು. ನದಿಯ ಈ ದಡದಿಂದ ಆ ದಡಕ್ಕೆ ಬಿಗಿದ ಉಕ್ಕಿನ ಹಗ್ಗ ಹಿಡಿದು ಸಾಗುವ ಲಾಂಚ್ ಅದು. ಆರು ಗಾಡಿ ಹಿಡಿಯುತ್ತದೆ, ದಾಟಲು ಏಳು ನಿಮಿಷ, ಟಿಕೆಟ್ ಇಲ್ಲ. ಅವಳಪ್ಪ ಮೂವತ್ತು ವರ್ಷ ಅದನ್ನು ನಡೆಸಿದ, ಅವಳು ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿದ್ದಾಳೆ. ಗಂಡ ಬಿಟ್ಟುಹೋದಾಗ ಮೂರು ದಿನ ಅತ್ತವಳು ನಾಲ್ಕನೆಯ ದಿನ ಲಾಂಚ್ ಹತ್ತಿ ಸುಧಾರಿಸಿಕೊಂಡಳು. ಹಾಗಿರುವಾಗ ಆ ಬೇಸಿಗೆಯಲ್ಲಿ ರಸ್ತೆ ಇಲಾಖೆಯಿಂದ ಕಾಗದ ಬಂತು. ದಿನಕ್ಕೆ ಸರಾಸರಿ ನಲವತ್ತು ಗಾಡಿಯಾದರೂ ದಾಟದಿದ್ದರೆ ಮುಂದಿನ ವರ್ಷದಿಂದ ಲಾಂಚ್ ಬಂದ್. ಅವಳಿಗೆ ಇನ್ನೂರು ಕಿಲೋಮೀಟರ್ ದೂರದಲ್ಲಿ, ಹಿಮ ಬಾಚುವ ಗಾಡಿಗಳ ಶೆಡ್ಡಿನಲ್ಲಿ ಕೂತು ಚೀಟಿ ಬರೆಯುವ ಕೆಲಸ.

ಆಗಸ್ಟಿನಲ್ಲಿ ಸರಾಸರಿ ಮೂವತ್ತೊಂದಿತ್ತು. ಡೊರೀನ್‌ಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಚುನಾವಣೆ ಘೋಷಣೆಯಾಯಿತು. ಆಳುವ ಪಕ್ಷದ ಗಾರ್ತ್ ಲಿಂಡ್‌ಕ್ವಿಸ್ಟ್ ಎರಡು ಸಲ ಗೆದ್ದ ಆಸಾಮಿ. ಕ್ಷೇತ್ರದಲ್ಲಿ ಯಾರ ಶವಪೆಟ್ಟಿಗೆ ಎತ್ತಿದರೂ ಒಂದು ಮೂಲೆಗೆ ಅವನ ಹೆಗಲು ಇದ್ದೇ ಇರುತ್ತಿತ್ತು. ಅವನೆದುರು ನಿಂತವಳು ಮಾವಿಸ್ ಪ್ಯಾಕಲ್. ನಿವೃತ್ತ ಟೀಚರು, ಅರ್ಧ ಕ್ಷೇತ್ರಕ್ಕೆ ಮಗ್ಗಿ ಕಲಿಸಿದವಳು. ಇಬ್ಬರೂ ಮನೆಮನೆ ತಿರುಗತೊಡಗಿದರು. ಆದರೆ ಅದು ಕಟಾವಿನ ಕಾಲ, ಜನ ಹೊಲದಲ್ಲಿ. ಮನೆಯಲ್ಲಿದ್ದವರೂ ಗೇಟಿನಲ್ಲಿ ಗಾರ್ತ್‌ನ ಗಾಡಿ ಕಂಡ ಕೂಡಲೇ ಪರದೆ ಎಳೆದು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಇಲ್ಲವೆನ್ನಲು ಬಾರದವರು ಅಡಗದೆ ಇನ್ನೇನು ಮಾಡಿಯಾರು ಪಾಪ!

ಒಂದು ಮಂಗಳವಾರ ಗಾರ್ತ್ ಆಚೆ ದಡಕ್ಕೆ ಹೋಗಲು ಲಾಂಚ್ ಹತ್ತಿದ. ಮುಂದೊಂದು ಪಿಕಪ್, ಹಿಂದೊಂದು ಪಿಕಪ್, ಸುತ್ತಲೂ ನೀರು. ಯಾರೂ ಎಲ್ಲಿಗೂ ಓಡುವಂತಿಲ್ಲ. ಅವನಿಗೆ ಜ್ಞಾನೋದಯವಾಯಿತು. ಇಳಿದು ಮುಂದಿನ ಗಾಡಿಯ ಗಾಜು ತಟ್ಟಿದ.

“ಏನ್ ಎಲ್ಮರ್, ಗೋಧಿ ಹೆಂಗೆ ಬಂತು ಈ ಸಲ?”

ಎಲ್ಮರ್ ಬೋಜಿಕ್‌ಗೆ ಎಪ್ಪತ್ತೆಂಟು ವರ್ಷ. ದಿನಾ ಬೆಳಿಗ್ಗೆ ಕುಂಟು ನಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಕಾಫಿ ಕುಡಿಯಲು ಹೋಗುವವನು. ಗಾಜು ಇಳಿಸದೆ ಅವನಿಗೆ ಗತಿಯಿರಲಿಲ್ಲ.

“ಬಂತಪ್ಪ ಏನೋ. ಮಳೆ ಕಡಿಮೆ.”

“ನಿಮ್ಮ ವೋಟು ನನಗೇ ಅಂದ್ಕೊಳ್ಳಲಾ?”

“ಅಯ್ಯೋ, ಅದನ್ನೇನ್ ಕೇಳ್ತೀರಿ! ನಿಮಗೇ!”

ಮರುದಿನ ಗಾರ್ತ್ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದ, ಸಂಜೆಯವರೆಗೆ ಇಳಿಯಲೇ ಇಲ್ಲ. ಆಚೆಗೊಮ್ಮೆ, ಈಚೆಗೊಮ್ಮೆ. ಮೂರನೆಯ ದಿನ ಮಾವಿಸ್ ಮಡಚುವ ಮೇಜು ತಂದು ಲಾಂಚಿನ ಇನ್ನೊಂದು ಬದಿಗೆ ಹಾಕಿ, ಸಸ್ಕಟೂನ್ ಹಣ್ಣಿನ ಪೈ ಕತ್ತರಿಸಿ ಇಟ್ಟಳು. ಗಾರ್ತ್ ಎಡಗಡೆಯ ಕಿಟಕಿ ಹಿಡಿದರೆ ಮಾವಿಸ್ ಬಲಗಡೆಯ ಕಿಟಕಿ. ಗಾಡಿಯವನು ಎಡಕ್ಕೆ ತಿರುಗಿ “ನಿಮಗೇ” ಎನ್ನುವುದು, ಮೆಲ್ಲಗೆ ಆ ಗಾಜು ಏರಿಸುವುದು, ಬಲಗಡೆಯ ಗಾಜು ಇಳಿಸಿ ಪೈ ತೆಗೆದುಕೊಂಡು “ನಿಮಗೇ ಟೀಚರ್” ಎನ್ನುವುದು. ಏಳು ನಿಮಿಷದಲ್ಲಿ ಒಂದು ಪೈ, ಒಂದು ಕಾಫಿ, ಎರಡು ವಚನ.

ಗಾರ್ತ್ ಗಾಡಿಗಳ ಮುಂದಿನ ಗಾಜು ಒರೆಸತೊಡಗಿದ. ಮಾವಿಸ್ ನಾಯಿಗಳಿಗೂ ಬಿಸ್ಕತ್ತು ತಂದಳು. ಗಾರ್ತ್ ಹಳೆಯ ವೈಪರ್ ಕಿತ್ತು ಹೊಸದು ಹಾಕಿಕೊಟ್ಟ. ಮಾವಿಸ್ ಮಾಂಸದ ಸಾರು, ಪೆರೊಗಿ ಕಡುಬು ಶುರುಮಾಡಿದಳು. ಇದರ ಪರಿಣಾಮ ಮತದಾರನ ಮೇಲೆ ಏನಾಗುತ್ತಿದೆ ಎಂದು ತಿಳಿಯಲು ಎಲ್ಮರ್‌ನನ್ನು ನೋಡಿದರೆ ಸಾಕಿತ್ತು.

“ನಿನ್ನೆ ತನಕ ಟೀಚರ್ ಕಡೆ ಇದ್ದೆ ಕಣಮ್ಮಾ,” ಎಂದು ಅವನು ಡೊರೀನ್ ಹತ್ತಿರ ಪಿಸುಗುಟ್ಟಿದ. “ಇವತ್ತು ಗಾರ್ತ್ ವೈಪರ್ ಹಾಕ್ಬಿಟ್ಟ. ಮಳೆ ಬಂದಾಗೆಲ್ಲ ಅವನ ಮುಖ ನೆನಪಾಗುತ್ತಲ್ಲ, ಏನ್ ಮಾಡ್ಲಿ?”

“ಎಲ್ಮರ್, ನೀವು ಹೊಟ್ಟೆಗೆ ವೋಟ್ ಹಾಕ್ತೀರೋ ಗಾಡಿಗೆ ಹಾಕ್ತೀರೋ?”

“ನಾಳೆ ಪೆರೊಗಿ ಇದೆಯಂತೆ. ತಿಂದು ಹೇಳ್ತೀನಿ.”

ಹೊಸ ವೈಪರಿನ ಸುದ್ದಿ, ಪೆರೊಗಿಯ ಸುದ್ದಿ ಹಬ್ಬಿತು. ಆಚೆ ದಡದಲ್ಲಿ ಯಾವ ಕೆಲಸವೂ ಇಲ್ಲದವರು ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಬಂದು, ದಾಟಿ, ತಿರುಗಿಸಿ, ಮತ್ತೆ ದಾಟಿದರು. ದಿನಕ್ಕೆ ಎಂಬತ್ತು ಗಾಡಿ. ನೂರಿಪ್ಪತ್ತು. ಇನ್ನೂರ ಹತ್ತು! ಡೊರೀನ್ ರಿಜಿಸ್ಟರಿನಲ್ಲಿ ಸಂಖ್ಯೆ ಬರೆಯುವಾಗ ಅವಳ ಕೈ ಕುಣಿಯುತ್ತಿತ್ತು. ಲಾಂಚ್ ಉಳಿಯಿತು ಎಂದುಕೊಂಡಳು, ಪೆದ್ದಿ.

ಆ ಶನಿವಾರ ಗಾರ್ತ್ ಕಾಫಿ ಸಾಮಾನು ತಂದ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಕೈ ಎತ್ತಿದ. “ಬಂಧುಗಳೇ! ದಿನಕ್ಕೆ ಇನ್ನೂರ ಹತ್ತು ಗಾಡಿ ದಾಟೋ ಜಾಗದಲ್ಲಿ ಈ ಹಳೇ ಲಾಂಚಾ? ನಾಚಿಕೆಗೇಡು! ಮಂತ್ರಿಗಳ ಹತ್ರ ಮಾತಾಡಿದೀನಿ. ನಾನು ಗೆದ್ರೆ ಇಲ್ಲಿ ಸೇತುವೆ! ಡೊರೀನ್ ಅವರೇ, ನಿಮಗಿನ್ನು ಈ ಚಳಿ ಗಾಳಿಯ ಕಷ್ಟ ಇರಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಸೇತುವೆ ಬಂದರೆ ಲಾಂಚ್ ಯಾರಿಗೆ ಬೇಕು ಎಂದು ಡೊರೀನ್‌ಗೆ ಆಗ ಹೊಳೆಯಿತು.

ಮಾವಿಸ್ ಪೈ ಚಾಕು ಹಿಡಿದೇ ಎದ್ದಳು. “ನಾನು ಗೆದ್ರೆ ಸೇತುವೆ ಇಲ್ಲ. ಗಾಡಿ ನಲವತ್ತಿರ್ಲಿ, ನಾಲ್ಕಿರ್ಲಿ, ಲಾಂಚೇ ಇರುತ್ತೆ. ಬೇಕಾದ್ರೆ ಬರ್ಕೊಡ್ತೀನಿ.” ಅಲ್ಲೇ ಬರೆದು ಸಹಿ ಹಾಕಿ ಎಂಜಿನ್ ಕೋಣೆಯ ಬಾಗಿಲಿಗೆ ಅಂಟಿಸಿದಳು. ಎಲ್ಲರೂ ಅವಳಿಗೂ ಅಷ್ಟೇ ಹೊತ್ತು ಚಪ್ಪಾಳೆ ತಟ್ಟಿದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈಗ ಹೇಳಿ, ಡೊರೀನ್ ಏನು ಮಾಡಬೇಕು? ಮಾವಿಸ್ ಗೆಲ್ಲಬೇಕು, ಅಷ್ಟೇ. ಕೂಗಿ ಹೇಳೋಣವೆಂದರೆ ಅವಳು ಸರ್ಕಾರಿ ನೌಕರಿಯವಳು. ಮೇಲಿನವರು ಆಗಲೇ ಫೋನ್ ಮಾಡಿ, ಚುನಾವಣೆ ಮುಗಿಯುವವರೆಗೆ ಯಾರ ಪರವಾಗಿ ಒಂದಕ್ಷರ ಆಡಿದರೂ ಕೆಲಸ ಹೋಯಿತೆಂದು ತಿಳಿ ಎಂದಿದ್ದರು. ಮಾವಿಸ್ ಬರೆದ ಚೀಟಿಯನ್ನೂ ಡೊರೀನ್ ಕೈಯಿಂದಲೇ ಕೀಳಿಸಿದರು. ಮಾವಿಸ್ ಸೋತರೂ ಲಾಂಚ್ ಉಳಿಯಬೇಕಾದರೆ ದಾರಿ ಒಂದೇ ಇತ್ತು. ಗಾಡಿಗಳ ಸಂಖ್ಯೆ ಸೇತುವೆ ಕಟ್ಟುವಷ್ಟು ಹೆಚ್ಚಿರಬಾರದು, ಲಾಂಚ್ ನಿಲ್ಲಿಸುವಷ್ಟು ಕಡಿಮೆಯೂ ಇರಬಾರದು. ಅತ್ತ ದರಿ, ಇತ್ತ ಪುಲಿ. ದಿನಕ್ಕೆ ಐವತ್ತು, ಅರವತ್ತು ಗಾಡಿ ಮಾತ್ರ ದಾಟುವ ಹಾಗೆ ಜನರಿಗೆ ಪಾಳಿ ಹಾಕಬೇಕು ಎಂದು ಅವಳು ನಿರ್ಧರಿಸಿದಳು.

ರಜೆಯ ದಿನಗಳಲ್ಲಿ ಕಿತ್ತಳೆ ಬಣ್ಣದ ಸರ್ಕಾರಿ ಜಾಕೆಟ್ ಬಿಚ್ಚಿಟ್ಟು, ತಲೆಗೆ ಉಣ್ಣೆ ಟೋಪಿ ಎಳೆದುಕೊಂಡು, ಡೊರೀನ್ ಎರಡೂ ದಡಗಳ ಮನೆಮನೆಗೆ ಹೊರಟಳು. ಇವಳಿಗೆ ಯಾರೂ ಪರದೆ ಎಳೆಯಲಿಲ್ಲ. ಎಲ್ಲರೂ ಕಾಫಿ ಕೊಟ್ಟರು, ಕೇಕ್ ಕೊಟ್ಟರು, ಹವೆಯ ಬಗ್ಗೆ ಮಾತಾಡಿದರು. ಬಂದ ವಿಷಯವನ್ನು ಕೂತಲ್ಲಿ ಎತ್ತುವುದು ಅಲ್ಲಿಯ ಪದ್ಧತಿಯಲ್ಲ. ಎದ್ದು, ಕೋಟು ಹಾಕಿಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ಮೇಲೇ ನಿಜವಾದ ಮಾತು ಬರಬೇಕು. ಡೊರೀನ್ ಹಾಗೇ ಮಾಡಿದಳು.

ಎಲ್ಮರ್ ಮನೆಯಲ್ಲಿ ಬಾಗಿಲ ಹಿಡಿ ಹಿಡಿದು ನಿಂತು ಹೇಳಿದಳು: “ಎಲ್ಮರ್, ಒಂದು ಉಪಕಾರ ಆಗ್ಬೇಕಿತ್ತು.”

“ಹೇಳಮ್ಮಾ.”

“ನೀವು ಇನ್ನು ಮಂಗಳವಾರ, ಶುಕ್ರವಾರ ಮಾತ್ರ ದಾಟಿದ್ರೆ ಸಾಕು. ದಿನಾ ಬೇಡ.”

ಎಲ್ಮರ್ ಅವಳ ಮುಖ ನೋಡಿದ. ಇನ್ನೇನೋ ಬರುತ್ತದೆಂದು ಕಾದ.

“ಅಷ್ಟೇನಾ?”

“ಅಷ್ಟೇ.”

“ಅಷ್ಟು ಹೇಳೋಕೆ ಇಷ್ಟು ದೂರ ಬಂದ್ಯಾ?”

“ಲಾಂಚ್ ಉಳೀಬೇಕಲ್ಲ ಎಲ್ಮರ್.” ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತು.

ಎಲ್ಮರ್ ಕಣ್ಣು ಮಿಟುಕಿಸಿದ. “ಅರ್ಥ ಆಯ್ತು ಬಿಡು ತಾಯಿ. ನೀನೇನೂ ಹೇಳ್ಬೇಡ. ಎಲ್ಲ ನಮಗೆ ಬಿಡು.”

ಅವಳು ಮೆಟ್ಟಿಲಿಳಿದು ಹೋದ ಕೂಡಲೇ ಅವನು ಪಕ್ಕದ ಮನೆಗೆ ಫೋನ್ ಮಾಡಿದ. “ನಿಮ್ಮನೆಗೂ ಬಂದಿದ್ಲಾ? ಮಂಗಳವಾರ ಶುಕ್ರವಾರ ಅಂತ ಏನೇನೋ ಅಂದ್ಲಾ? ಪಾಪ ಕಣಯ್ಯಾ, ಬಾಯಿಬಿಟ್ಟು ಕೇಳೋಕೆ ಸಂಕೋಚ!” ಚುನಾವಣೆಗೆ ಮೂರು ವಾರ ಇರುವಾಗ ಬಾಗಿಲು ತಟ್ಟಿದವರು ಇನ್ನೇತಕ್ಕೆ ತಟ್ಟಿಯಾರು? ವೋಟಿಗೇ. ಅದನ್ನು ಬಾಯಿಬಿಟ್ಟು ಕೇಳದೆ ಬರೀ ಕೇಕ್ ತಿಂದು, ಬಾಗಿಲಲ್ಲಿ ಕಣ್ಣೀರು ತುಂಬಿಕೊಂಡು ಹೋದವಳು ಇಡೀ ಕ್ಷೇತ್ರದಲ್ಲಿ ಇವಳೊಬ್ಬಳೇ. ಇದಕ್ಕಿಂತ ದೊಡ್ಡ ಪ್ರಚಾರ ಯಾರು ಮಾಡಿಯಾರು! ಡೊರೀನ್‌ಗೆ ಇದು ಯಾವುದೂ ಗೊತ್ತಾಗಲಿಲ್ಲ. ಪಾಳಿ ಹಾಕಿದ್ದು ಫಲ ಕೊಟ್ಟಿತು. ಗಾಡಿಗಳು ಐವತ್ತೈದಕ್ಕೆ ಇಳಿದವು. ಗಾರ್ತ್ ಮತ್ತು ಮಾವಿಸ್ ಖಾಲಿ ಲಾಂಚಿನಲ್ಲಿ ಒಬ್ಬರಿಗೊಬ್ಬರು ಪೈ, ಕಾಫಿ ಕೊಟ್ಟುಕೊಳ್ಳುತ್ತ, ಹವೆಯ ಬಗ್ಗೆ ಮಾತಾಡುತ್ತ ಆಚೀಚೆ ಓಡಾಡಿದರು.

ಚುನಾವಣೆಯ ದಿನ ನದಿಯಂಚಿನಲ್ಲಿ ಮೊದಲ ಮಂಜುಗಡ್ಡೆ ಕಟ್ಟಿತ್ತು. ಎರಡೂ ದಡಗಳಿಗೆ ಸೇರಿ ಒಂದೇ ಮತಗಟ್ಟೆ, ಉತ್ತರ ದಡದ ಸಮುದಾಯ ಭವನದಲ್ಲಿ. ದಕ್ಷಿಣ ದಡದವರೆಲ್ಲ ಲಾಂಚಿನಲ್ಲೇ ಬರಬೇಕು. ಪ್ರತಿ ಗಾಡಿಯವನೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ಡೊರೀನ್‌ಗೆ ಸಲಾಮು ಹೊಡೆದ, ಜೊತೆಗೆ ಒಂದು ಕಣ್ಣನ್ನೂ ಮಿಟುಕಿಸಿದ. ಇವರಿಗೆಲ್ಲ ಇವತ್ತೇನಾಗಿದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ, ಮಾವಿಸ್ ಹೆಸರಿನ ಮುಂದೆ ಗೀಟು ಎಳೆದು, ಮಡಚಿ ಪೆಟ್ಟಿಗೆಗೆ ಹಾಕಿ ಬಂದಳು. ಕೈ ಮುಗಿಯುವ ಅಭ್ಯಾಸ ಅವಳಿಗಿರಲಿಲ್ಲ, ಆದರೂ ಒಂದು ಗಳಿಗೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಂತಳು.

ಮರುದಿನ ಬೆಳಿಗ್ಗೆ ಮೊದಲ ಗಾಡಿ ಎಲ್ಮರ್‌ನದು. ಅವನು ಹಿಂದಿನ ರಾತ್ರಿ ಮತಗಟ್ಟೆಯಲ್ಲೇ ನಡೆದ ಎಣಿಕೆಗೆ ಸಾಕ್ಷಿಯಾಗಿ ಕೂತಿದ್ದ. ಮುಖ ಹಬ್ಬದ ಹಾಗೆ ಅರಳಿತ್ತು.

“ಗೆದ್ದೆ ಕಣಮ್ಮಾ!”

“ಯಾರು ಗೆದ್ದಿದ್ದು?”

“ಇಡೀ ಕ್ಷೇತ್ರದಲ್ಲಿ ಗಾರ್ತ್ ಗೆದ್ದ, ಎಪ್ಪತ್ತೊಂದು ವೋಟಿಂದ. ಆದ್ರೆ ನಮ್ಮ ಪೆಟ್ಟಿಗೇಲಿ ನೀನು! ಒಟ್ಟು ನೂರೈದು ವೋಟು. ಗಾರ್ತ್‌ಗೆ ಎರಡು, ಅವನ ತಂಗಿ ಮನೇದು. ಟೀಚರ್‌ಗೆ ಒಂದು. ಮಿಕ್ಕಿದ್ದು ನೂರೆರಡು, ಎಲ್ಲ ನಿನಗೆ!”

“ನನಗೆ? ನಾನು ನಿಂತೇ ಇಲ್ವಲ್ಲ!”

“ಅದಕ್ಕೇ ಪೆನ್ಸಿಲಲ್ಲಿ ನಿನ್ನ ಹೆಸರು ಬರೆದ್ವಿ. ಕೆಲವ್ರು ಹೂವಿನ ಚಿತ್ರಾನೂ ಬರ್ದಿದ್ರು. ಮತಗಟ್ಟೆಯವ್ರು ಕುಲಗೆಟ್ಟ ವೋಟು ಅಂತ ಪಕ್ಕಕ್ಕಿಟ್ರು. ಅವರ ಮಾತಿಗೇನು, ನಮಗೆ ಗೊತ್ತಲ್ಲ!”

ಡೊರೀನ್ ಕಂಬಿ ಹಿಡಿದುಕೊಂಡಳು. ಎಪ್ಪತ್ತೊಂದು. ನೂರೆರಡು. ಲೆಕ್ಕ ತಾನಾಗಿ ತಲೆಯಲ್ಲಿ ಓಡಿತು, ಬೇಡ ಬೇಡವೆಂದರೂ ನಿಲ್ಲಲಿಲ್ಲ.

“ಎಲ್ಮರ್, ನಿಮಗೆ ಸೇತುವೆ ಬೇಕಿತ್ತಾ?”

“ಛೀ, ಯಾರಿಗ್ಬೇಕು ಸೇತುವೆ? ಎಲ್ಲರಿಗೂ ಲಾಂಚೇ ಬೇಕು.”

“ಹಾಗಿದ್ರೆ ಮಾವಿಸ್‌ಗೆ ಹಾಕೋಕೆ ಏನಾಗಿತ್ತು ದಾಡಿ ನಿಮಗೆಲ್ಲ?”

“ಅದು ಹೆಂಗಾಗುತ್ತೆ? ಗಾರ್ತ್‌ಗೂ ಮಾತು ಕೊಟ್ಟಿದ್ವಲ್ಲ. ನಮ್ಮ ಅಣ್ಣನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಟೀಚರ್‌ಗೆ ಹಾಕಿದ್ರೆ ಅವನಿಗೆ ಬೇಜಾರು, ಅವನಿಗೆ ಹಾಕಿದ್ರೆ ಟೀಚರ್‌ಗೆ ಬೇಜಾರು. ನೀನು ಮನೆಗೆ ಬಂದ್ಯಲ್ಲ, ಆಗ ದಾರಿ ಸಿಕ್ತು. ಇಬ್ಬರಿಗೂ ಬೇಜಾರಿಲ್ಲ.”

“ನಾನು ಬಂದಿದ್ದು ಮಂಗಳವಾರ ಶುಕ್ರವಾರ ಅಂತ ಹೇಳೋಕೆ!”

“ಗೊತ್ತು ಬಿಡಮ್ಮಾ,” ಎಂದು ಅವನು ಮತ್ತೆ ಕಣ್ಣು ಮಿಟುಕಿಸಿದ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಇಡೀ ಊರೇ ಬಸಿರಾಗಿತ್ತು, ಹೆರಬೇಕಾದವಳು ಡೊರೀನ್. ಅವಳಿಗೆ ಆ ಮುದುಕನನ್ನು ನಾಯಿ ಸಮೇತ ನದಿಗೆ ನೂಕಬೇಕೆನ್ನಿಸಿತು. ಅಷ್ಟರಲ್ಲಿ ಹಿಂದಿನ ಗಾಡಿಯ ಗಾಜು ಇಳಿಯಿತು, ಅದರ ಹಿಂದಿನದೂ ಇಳಿಯಿತು. ಎಲ್ಲರೂ ತಲೆ ಹೊರಗೆ ಹಾಕಿ ಹಲ್ಲು ಬಿಡುತ್ತಿದ್ದರು.

“ನಮ್ಮನೇಲಿ ನಾಲ್ಕೂ ಜನ ನಿಮಗೇ ಡೊರೀನ್!”

“ನಮ್ಮತ್ತೆ ಗಾಲಿ ಕುರ್ಚೀಲಿ ಬಂದು ಬರೆದ್ರು!”

ಬೈಯಲು ಬಾಯಿ ತೆರೆದಳು. ಅವರೆಲ್ಲ ಅವಳನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದ್ದರೆಂದರೆ, ಅವಳ ಬಾಯಿಂದ ಬಂದದ್ದು ಬರೀ “ಥ್ಯಾಂಕ್ಸ್”. ಇನ್ನೊಂದು ಗಾಡಿಗೂ “ಥ್ಯಾಂಕ್ಸ್”. ಆ ಬೆಳಿಗ್ಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಮೂರನೆಯ ದಿನ ಮಾವಿಸ್ ಪ್ಯಾಕಲ್ ತನ್ನ ಮಡಚುವ ಮೇಜು ಒಯ್ಯಲು ಬಂದಳು. ಲಾಂಚಿನಲ್ಲಿ ಅವರಿಬ್ಬರೇ. ಸೋತವಳ ಮುಖ ಬಾಡಿತ್ತು, ಆದರೂ ಕೈ ಚಾಚಿದಳು.

“ಅಭಿನಂದನೆ ಡೊರೀನ್. ನೂರೆರಡು ಅಂದ್ರೆ ಸಾಮಾನ್ಯ ಅಲ್ಲ.”

“ಟೀಚರ್, ದಯವಿಟ್ಟು ಹಾಗನ್ಬೇಡಿ.”

“ಬೇಜಾರೇನಿಲ್ಲಮ್ಮ. ನೀನು ಮನೆಮನೆ ಹೋಗ್ತಿರೋದು ನನಗೂ ಗೊತ್ತಿತ್ತು. ಒಂದು ಮಾತು ಹೇಳಿ ನಾಮಪತ್ರ ಹಾಕಿದ್ರೆ ನಾನೇ ಹಿಂದೆ ಸರೀತಿದ್ದೆ. ನಿನ್ನ ಎದುರು ನಿಲ್ಲೋಕೆ ನನಗೇ ಸಂಕೋಚ ಆಗ್ತಿತ್ತು.”

“ನಾನು ವೋಟ್ ಕೇಳೋಕೆ ಹೋಗಿರ್ಲಿಲ್ಲ! ಲಾಂಚ್ ಆಣೆ ಟೀಚರ್! ನೀವು ಗೆಲ್ಲಲಿ ಅಂತ ನಾನು…” ಅವಳಿಗೆ ಅಳು ಬಂತು. ಕಿತ್ತಳೆ ಜಾಕೆಟ್ಟಿನ ತೋಳಿನಿಂದ ಮೂಗು ಒರೆಸಿಕೊಂಡಳು. ಚುನಾವಣೆ ಮುಗಿದಿದೆ, ಈಗ ಹೇಳಿದರೆ ಯಾರ ಕೆಲಸವೂ ಹೋಗದು. “ಈ ಪೆಟ್ಟಿಗೇಲಿ ನಿಮಗೆ ಒಂದು ವೋಟು ಬಂತಲ್ಲ ಟೀಚರ್, ಅದು ನಂದು.”

ಮಾವಿಸ್ ಅವಳ ಬೆನ್ನು ಸವರಿದಳು. ಮಗ್ಗಿ ತಪ್ಪಿದ ಹುಡುಗಿಯನ್ನು ಸಮಾಧಾನ ಮಾಡುವ ಹಾಗೆ ನಕ್ಕಳು.

“ಎಷ್ಟು ಒಳ್ಳೆಯವಳಮ್ಮ ನೀನು. ನಿನ್ನೆಯಿಂದ ಈ ಕಡವಿನಲ್ಲಿ ಅರವತ್ತು ಜನ ನನಗೆ ಇದೇ ಮಾತು ಹೇಳಿದ್ರು.”